ಸೊಪ್ಪು ಕೀಳುವುದು ಯಾವ ಹೊತ್ತಿನಲ್ಲಿ?

(ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಗ್ಗೆ, ಮೊದಲ ಪುಸ್ತಕ ಬರೆಯುತ್ತಿರುವ ಕೆಲವರ ಮುಂದೆ ಆಡಿದ ಮಾತು. ಧ್ವನಿಮುದ್ರಣ ಕೇಳಿಕೊಂಡು ಬರೆದದ್ದು. ಮೈಕು ಕೈಕೊಟ್ಟ ಕಡೆಗಳನ್ನು ನೆನಪಿನಿಂದ ತುಂಬಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕರೆದವರು ವಿಷಯವನ್ನು ಮೂರು ಹೋಳು ಮಾಡಿ ಕೊಟ್ಟಿದ್ದಾರೆ. ಬರೆಯುವುದು, ಅಧ್ಯಯನ ಮಾಡುವುದು, ಪ್ರಚಾರ ಮಾಡುವುದು. ಒಂದೊಂದಕ್ಕೆ ಹದಿನೈದು ನಿಮಿಷ. ಈ ಲೆಕ್ಕ ನನ್ನಿಂದ ಆಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನನಗೆ ಈ ಮೂರು ಒಂದಾದ ಮೇಲೆ ಒಂದು ಬರಲಿಲ್ಲ. ಯಾರ ಮನೆಗೆ ಕೇಳಿ ತಿಳಿದುಕೊಳ್ಳೋಕೆ ಹೋಗಿದ್ದೆನೋ ಅದೇ ಮನೆಗೆ ಪುಸ್ತಕ ಹಿಡಿದುಕೊಂಡು ಮತ್ತೆ ಹೋದೆ. ಹೋಗಿ ಬಂದ ಮೇಲೆ ಮತ್ತೆ ಬರೆದೆ. ಹಾಗಾಗಿ ಈವತ್ತು ಮಾತು ಅಲ್ಲಿಂದಿಲ್ಲಿಗೆ ಓಡಾಡುತ್ತದೆ.

ನನ್ನ ಕಾದಂಬರಿ ಸಂಪಂಗಿ ಕೆರೆಯ ಅಂಚಿನಲ್ಲಿ ಸೊಪ್ಪು ಬೆಳೆಯುತ್ತಿದ್ದ ಒಂದು ಸಂಸಾರದ್ದು. 1894ರಿಂದ 1898ರವರೆಗಿನ ಕತೆ. ಕೆರೆ ಈಗಿಲ್ಲ, ಆ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಇದೆ. ಆದರೆ ಕ್ರೀಡಾಂಗಣದ ಪಕ್ಕದಲ್ಲಿ ಒಂದು ಸಣ್ಣ ಕೊಳ ಉಳಿದಿದೆ. ಕರಗದ ಆಚರಣೆಗೆ ಅದು ಬೇಕು, ಅದಕ್ಕೇ ಉಳಿದಿದೆ. ನಾನು ಹತ್ತಿರದಲ್ಲೇ ವಿಮಾ ಕಂಪನಿಯ ಗುಮಾಸ್ತಿಕೆ ಮಾಡುವವನು. ಮಧ್ಯಾಹ್ನ ಊಟ ಮುಗಿಸಿ ಆ ಕಡೆ ನಡೆದು ಬರುವುದು ರೂಢಿ. ಒಂದು ದಿನ ಆ ಕೊಳದ ಮುಂದೆ ನಿಂತಾಗ ಹೊಳೆಯಿತು: ಕೆರೆ ಹೋದದ್ದು ಎಲ್ಲರಿಗೂ ಗೊತ್ತು. ಕೆರೆ ನೀರು ಕಟ್ಟಿ ಬದುಕುತ್ತಿದ್ದವರಿಗೆ, ಊರಿಗೆ ನಲ್ಲಿ ಬಂತಂತೆ ಅನ್ನೋ ಸುದ್ದಿ ಹೇಗೆ ಕೇಳಿಸಿರಬಹುದು?

ಇಷ್ಟೇ ಬಂಡವಾಳ. ಎರಡು ವರ್ಷ ಬೆಳಗ್ಗೆ ಐದರಿಂದ ಆರೂವರೆ ತನಕ ಬರೆದೆ. 412 ಪುಟ ಆಯಿತು. ಮುಗಿಸಿದ ದಿನ ಹೆಂಡತಿ ಶಾವಿಗೆ ಪಾಯಸ ಮಾಡಿದಳು. ಆ 412 ಪುಟದಲ್ಲಿ ಇದ್ದ ತಪ್ಪುಗಳನ್ನು ಈಗ ನಿಮಗೆ ಹೇಳಬೇಕು. ಹೊಸಬರಿಗೆ ಇನ್ನೊಬ್ಬರ ಗೆಲುವಿಗಿಂತ ಇನ್ನೊಬ್ಬರ ತಪ್ಪು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಮೊದಲ ತಪ್ಪು: ನನ್ನ ನಾಯಕಿ ಸೊಪ್ಪಿನ ಬುಟ್ಟಿ ಹೊತ್ತುಕೊಂಡು ಕೆ.ಆರ್. ಮಾರ್ಕೆಟ್ಟಿಗೆ ಹೋಗುತ್ತಿದ್ದಳು. ಮಾರ್ಕೆಟ್ಟಿನ ಕಟ್ಟಡ 1920ರ ದಶಕದ್ದು. ಅದಕ್ಕೂ ಮೊದಲು ಅಲ್ಲಿದ್ದದ್ದು ಸಿದ್ದಿಕಟ್ಟೆ. ಅಂದರೆ ಆ ಹೆಂಗಸು ಇನ್ನೂ ಹುಟ್ಟದ ಕಟ್ಟಡದ ಮುಂದೆ ಕೂತು ವ್ಯಾಪಾರ ಮಾಡುತ್ತಿದ್ದಳು. ಎರಡನೆಯದು: ಹತ್ತು ಪೈಸೆಗೆ ಒಂದು ಕಟ್ಟು ಸೊಪ್ಪು ಕೊಡುತ್ತಿದ್ದಳು. ನೂರು ಪೈಸೆಗೆ ಒಂದು ರೂಪಾಯಿ ಅನ್ನೋ ಲೆಕ್ಕ ಬಂದದ್ದು 1957ರಲ್ಲಿ. ಅದಕ್ಕೆ ಮುಂಚೆ ರೂಪಾಯಿಗೆ ಹದಿನಾರು ಆಣೆ. ಮೂರನೆಯದು: ಬೀದಿಯಲ್ಲಿ ವಿದ್ಯುತ್ ದೀಪ ಉರಿಯುತ್ತಿತ್ತು. ಬೆಂಗಳೂರಿನ ಬೀದಿಗೆ ಕರೆಂಟು ಬಂದದ್ದು 1905ರಲ್ಲಿ, ಶಿವನಸಮುದ್ರದಿಂದ. ಇವೆಲ್ಲ ಹುಡುಕಿದರೆ ಸಿಗುವ ತಪ್ಪುಗಳು, ಯಾರಾದರೂ ತೋರಿಸಿಕೊಟ್ಟಾರು.

ಸುಲಭಕ್ಕೆ ಸಿಗದ ತಪ್ಪು ಬೇರೆ ಥರದ್ದು. ನನ್ನ ನಾಯಕಿ ಗಂಡನಿಗೆ "ಐದು ನಿಮಿಷ ತಾಳಿ" ಅನ್ನುತ್ತಿದ್ದಳು. ಗಡಿಯಾರ ಇಲ್ಲದ ಮನೆಯಲ್ಲಿ ನಿಮಿಷ ಎಲ್ಲಿಂದ ಬಂತು? ಇದನ್ನು ಹಿಡಿದದ್ದು ಯಾವ ವಿದ್ವಾಂಸರೂ ಅಲ್ಲ, ನನ್ನ ಅತ್ತೆ. "ನಮ್ಮಜ್ಜಿ ಹೀಗೆ ಅಂತಿರಲಿಲ್ಲ" ಅಂದರು. ಹಾಗಾದರೆ ಏನಂತಿದ್ದರು? ಎಲೆಯಡಿಕೆ ಹಾಕ್ಕೊಳ್ಳೋ ಅಷ್ಟು ಹೊತ್ತು. ಅನ್ನ ಉಕ್ಕೋ ಅಷ್ಟು ಹೊತ್ತು. ಹೊತ್ತು ಮೂಡೋಕೆ ಮುಂಚೆ, ಕೋಳಿ ಕೂಗೋ ಹೊತ್ತು, ದನ ಬಿಡೋ ಹೊತ್ತು, ದೀಪ ಹಚ್ಚೋ ಹೊತ್ತು. ಹಸ್ತಪ್ರತಿ ತುಂಬ ಹುಡುಕಿ ನಿಮಿಷ, ಗಂಟೆಗಳನ್ನೆಲ್ಲ ಕಿತ್ತೆ. ಕಿತ್ತ ಕಡೆಯಲ್ಲೆಲ್ಲ ಒಂದೊಂದು ಕೆಲಸ ಬಂದು ಕೂತಿತು. ಅಡಿಕೆ, ಅನ್ನ, ದನ, ದೀಪ. ಮನೆ ತಾನಾಗಿ ತುಂಬಿಕೊಂಡಿತು. ವರ್ಣನೆ ಅಂತ ನಾನು ಪ್ರತ್ಯೇಕವಾಗಿ ಬರೆದಿದ್ದ ಎಷ್ಟೋ ಪ್ಯಾರಾಗಳು ಆಮೇಲೆ ಬೇಡವಾದವು.

ಇಸವಿಯದೂ ಇದೇ ಪಾಡು. ಆ ನಲ್ಲಿಗೆ ಹೆಸರಘಟ್ಟ ಕೆರೆಯ ನೀರು ಬಂದದ್ದು ಯಾವಾಗ ಅಂತ ಹುಡುಕಿದರೆ ಒಂದು ಕಡೆ 1894 ಅಂತ ಇದೆ, ಇನ್ನೊಂದು ಕಡೆ 1896. ಯೋಜನೆ ಶುರುವಾದ ವರ್ಷ, ನೀರು ಹರಿದ ವರ್ಷ, ಮನೆಗೆ ಮುಟ್ಟಿದ ವರ್ಷ ಎಲ್ಲ ಕಲಸಿಹೋಗಿವೆ. ಇತಿಹಾಸಕಾರರು ಇದನ್ನು ಬಿಡಿಸಲೇಬೇಕು. ಕಾದಂಬರಿ ಬರೆಯುವವನಿಗೆ ಒಂದು ಸೌಕರ್ಯ ಇದೆ, ಸೊಪ್ಪು ಮಾರುವ ಹೆಂಗಸಿಗೆ ಇಸವಿ ಗೊತ್ತಿರಬೇಕಾಗಿಲ್ಲ. ಅವಳು ಬದುಕಿದ್ದು ಸಂವತ್ಸರದಲ್ಲಿ. ಜಯ ಸಂವತ್ಸರ, ಮಹಾರಾಜರು ಕಲ್ಕತ್ತದಲ್ಲಿ ತೀರಿಕೊಂಡ ವರ್ಷ. ಅದು 1894ರ ಡಿಸೆಂಬರ್, ಚಾಮರಾಜೇಂದ್ರ ಒಡೆಯರು. ಅವಳ ಅತ್ತೆ ಮಾತೆತ್ತಿದರೆ ಧಾತು ಈಶ್ವರ ಬರ ಅನ್ನುತ್ತಾಳೆ, ಅದು 1876ರಿಂದ 78ರ ದೊಡ್ಡ ಬರ. ಪ್ಲೇಗು ಬಂದದ್ದು ವಿಳಂಬಿಯಲ್ಲಿ, 1898. ನಲ್ಲಿ ಬಂದದ್ದು ಮಹಾರಾಜರು ಹೋದಮೇಲೆ, ಪ್ಲೇಗಿಗೆ ಮುಂಚೆ. ಅವಳಿಗೆ ಅಷ್ಟು ಸಾಕು, ಓದುಗರಿಗೂ ಸಾಕು.

ಗ್ರಂಥಾಲಯದ ವಿಷಯಕ್ಕೆ ಬರುತ್ತೇನೆ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯಕ್ಕೆ ಹೋಗಿ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೆ ಹೋಗಿ, ಆಮೇಲೆ ರಾಜ್ಯ ಪತ್ರಾಗಾರಕ್ಕೆ ಹೋಗಿ. ಕಬ್ಬನ್ ಪಾರ್ಕಿನ ಆ ಕಟ್ಟಡ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸ್ಮಾರಕ. ಹೆಸರಘಟ್ಟದ ನೀರು ತರಿಸಿದ್ದೂ ಅವರ ಕಾಲದಲ್ಲೇ. ಅವರ ನೆರಳಲ್ಲಿ ಕೂತು ಅವರ ನೀರಿನ ಬಗ್ಗೆ ಓದಿದ್ದು ನನಗೆ ಖುಷಿ ಕೊಟ್ಟಿತು. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ 1897ರಲ್ಲಿ ಪರಿಷ್ಕೃತವಾಗಿ ಬಂದದ್ದು, ನನ್ನ ಕತೆಯ ನಟ್ಟನಡುವೆ. ಮಳೆ ಎಷ್ಟು, ಕಂದಾಯ ಎಷ್ಟು, ಕೆರೆಗಳು ಎಷ್ಟು ಎಲ್ಲ ಸಿಗುತ್ತದೆ. ಅತ್ತೆ ಸೊಸೆಯನ್ನು ಏನಂತ ಬೈಯುತ್ತಿದ್ದಳು ಅನ್ನುವುದು ಸಿಗುವುದಿಲ್ಲ. ಅದಕ್ಕೆ ಕಿಟ್ಟೆಲ್ ಕೋಶದ ಮೊರೆ ಹೋದೆ. ಅದೂ 1894ರಲ್ಲೇ ಮಂಗಳೂರಿನಲ್ಲಿ ಅಚ್ಚಾದದ್ದು. ನನ್ನ ಪಾತ್ರದ ಬಾಯಲ್ಲಿ ಒಂದು ಮಾತು ಬರುತ್ತಿದೆ, ಆಗ ಅದು ಕನ್ನಡದಲ್ಲಿ ಇತ್ತೇ ಅಂತ ಅನುಮಾನ ಬಂದರೆ ಅಲ್ಲಿ ನೋಡುತ್ತಿದ್ದೆ. ಇದ್ದರೆ ಧೈರ್ಯ ಬರುತ್ತಿತ್ತು. ಇಲ್ಲದಿದ್ದರೆ ಆ ಮಾತು ಇರಲಿಲ್ಲ ಅಂತ ಅರ್ಥ ಅಲ್ಲ, ಆದರೆ ಇನ್ನೊಂದು ಸಲ ಯೋಚಿಸುತ್ತಿದ್ದೆ. ಹೀಗೆ ಹುಡುಕೋಕೆ ಹೋಗಿ ಪಕ್ಕದ ಪದ ಓದಿ, ಅದರ ಪಕ್ಕದ್ದು ಓದಿ, ಆರೂವರೆ ಆಗಿ ಒಂದು ಸಾಲೂ ಬರೆಯದೆ ಎದ್ದ ದಿನಗಳೂ ಇವೆ.

ಈಗ ಒಬ್ಬ ಅಜ್ಜಿಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ತಿಗಳರಪೇಟೆಯ ಒಂದು ಓಣಿಯಲ್ಲಿ ಅವರ ಮನೆ. ಎಂಬತ್ತು ದಾಟಿದೆ. ಅವರ ಗಂಡನ ಮನೆಯವರಿಗೆ ಹಿಂದೆ ಕೆರೆಯಂಗಳದಲ್ಲಿ ತೋಟ ಇತ್ತಂತೆ. ನಾನು ನೋಟ್ ಪುಸ್ತಕ, ಫೋನಿನ ರೆಕಾರ್ಡರು, ಹದಿನೆಂಟು ಪ್ರಶ್ನೆಗಳ ಪಟ್ಟಿ ಎಲ್ಲ ಹಿಡಿದುಕೊಂಡು ಹೋದೆ. "ನಿಮ್ಮ ಸಮುದಾಯದ ಇತಿಹಾಸದ ಬಗ್ಗೆ ತಿಳಿಸಿ" ಅಂದೆ. ಅವರು ಮಗನ ಮುಖ ನೋಡಿದರು. ಮಗ ಒಳಗೆ ಹೋಗಿ ಒಂದು ಸ್ಮರಣ ಸಂಚಿಕೆ ತಂದುಕೊಟ್ಟರು. ಕಾಫಿ ಕುಡಿದು ವಾಪಸ್ ಬಂದೆ.

ಎರಡನೆಯ ಸಲ ಬಾಳೆಹಣ್ಣು, ಎಲೆಯಡಿಕೆ ತೆಗೆದುಕೊಂಡು ಬರಿಗೈಲಿ ಹೋದೆ, ಅಂದರೆ ಪಟ್ಟಿ ಇಲ್ಲದೆ. ಅವತ್ತು ಮೊಣಕಾಲು ನೋವಿನ ಬಗ್ಗೆ ಮಾತಾಡಿದೆವು. ಮೂರನೆಯ ಸಲ ಅವರೇ ಕೇಳಿದರು.

"ಏನಪ್ಪಾ, ಏನೋ ಕತೆ ಬರೀತೀಯಂತೆ. ಏನ್ ಮಾಡ್ತಾಳೆ ನಿನ್ ಕತೇಲಿ ಹೆಂಗಸು?"

"ಬೆಳಗ್ಗೆ ಎದ್ದು ತೋಟಕ್ಕೆ ಹೋಗಿ ಸೊಪ್ಪು ಕೀಳ್ತಾಳೆ, ಅಮ್ಮ."

"ಬೆಳಗ್ಗೆ ಕಿತ್ತರೆ ಮಾರೋದು ಯಾವಾಗ?"

ನಾನು ಸುಮ್ಮನಾದೆ.

"ಸೊಪ್ಪು ಕೀಳೋದು ಹೊತ್ತು ಇಳಿದ ಮೇಲೆ ಕಣಪ್ಪಾ. ಬಿಸಿಲು ಹೋಗಬೇಕು. ಕಿತ್ತು, ತೊಳೆದು, ಕಟ್ಟು ಕಟ್ಟಿ, ನೀರು ಚಿಮುಕಿಸಿ ಒದ್ದೆ ಗೋಣಿ ಹೊದಿಸಿ ಇಡಬೇಕು. ಕೋಳಿ ಕೂಗೋಕೆ ಮುಂಚೆ ಬುಟ್ಟಿ ತಲೆ ಮೇಲಿರಬೇಕು. ಬೆಳಗ್ಗೆ ಎದ್ದು ಕೀಳ್ತಾಳಂತೆ! ನಿನ್ ಹೆಂಗಸು ಸೋಮಾರಿ."

ನನ್ನ ಮೊದಲ ಅಧ್ಯಾಯ ಪೂರ್ತಿ ಬೆಳಗಿನ ಜಾವದ್ದು. ಇಬ್ಬನಿ, ಕೆರೆ ಮೇಲೆ ಮಂಜು, ಹಕ್ಕಿ. ತುಂಬ ಚೆನ್ನಾಗಿ ಬರೆದಿದ್ದೆ ಅಂತ ನನ್ನ ನಂಬಿಕೆ. ಅದನ್ನು ಸಾಯಂಕಾಲಕ್ಕೆ ತಂದೆ. ತಂದ ಮೇಲೆ ಕತೆ ತಾನೇ ಅಲುಗಾಡಿತು. ಸಾಯಂಕಾಲ ಅಂದರೆ ಗಂಡ ಮನೆಯಲ್ಲಿರುತ್ತಾನೆ, ಮಕ್ಕಳು ಕಟ್ಟು ಕಟ್ಟೋಕೆ ಕೂರುತ್ತವೆ, ದೀಪದೆಣ್ಣೆಯ ಲೆಕ್ಕ ಬರುತ್ತದೆ, ಅತ್ತೆಯ ಬೈಗುಳ ಬರುತ್ತದೆ. ಒಂಟಿಯಾಗಿ ಇಬ್ಬನಿಯಲ್ಲಿ ನಿಂತಿದ್ದ ಹೆಂಗಸಿಗೆ ಒಂದು ಸಂಸಾರ ಸಿಕ್ಕಿತು. ಇಷ್ಟೆಲ್ಲ ಆದದ್ದು ಒಂದು ಪ್ರಶ್ನೆಯಿಂದ, ಅದೂ ನಾನು ಕೇಳಿದ್ದಲ್ಲ.

ಆ ಮನೆಯಲ್ಲಿ ಇನ್ನೊಂದು ಪಾಠವೂ ಆಯಿತು. ಕರಗ ಅವರ ತಿಗಳ ಸಮುದಾಯದ ಆಚರಣೆ. ಅದರ ಬಗ್ಗೆ ಅವರು ಕೆಲವು ಸಂಗತಿ ಹೇಳಿದರು, ನಾನು ಆಸೆಯಿಂದ ಬರೆದುಕೊಂಡೆ. ಹೊರಡುವಾಗ ಮೊಮ್ಮಗಳು ಬಾಗಿಲವರೆಗೂ ಬಂದು, "ಸಾರ್, ಅಜ್ಜಿ ಮಾತಿನ ಭರದಲ್ಲಿ ಹೇಳಿಬಿಟ್ಟರು, ಅದು ಹೊರಗಿನವರಿಗೆ ಹೇಳೋದಲ್ಲ" ಅಂದಳು. ಮನೆಗೆ ಬಂದು ಆ ಹಾಳೆ ಹರಿದೆ. ಕಾದಂಬರಿಯಲ್ಲಿ ಕರಗ ಇದೆ, ಆದರೆ ಬೀದಿಯಲ್ಲಿ ನಿಂತವರಿಗೆ ಕಂಡಷ್ಟೇ ಇದೆ. ಹಸ್ತಪ್ರತಿಯನ್ನು ಆ ಹುಡುಗಿಯೇ ಮೊದಲು ಓದಿದಳು. ನಮ್ಮದಲ್ಲದ ಕೇರಿಯ ಬಗ್ಗೆ ಬರೆಯುವಾಗ ಆ ಕೇರಿಯ ಒಬ್ಬರಾದರೂ ಅಚ್ಚಿಗೆ ಮುಂಚೆ ಓದಬೇಕು. ಅಚ್ಚಾದ ಮೇಲೆ ಓದಿ ಬೇಜಾರಾಗುವುದಕ್ಕಿಂತ ಅದು ಎಷ್ಟೋ ವಾಸಿ.

412 ಪುಟ 240 ಆದದ್ದು ಹೇಗೆ ಅಂತ ಹೇಳಲೇಬೇಕು. ಅದರಲ್ಲಿ ಸ್ವಲ್ಪ ಕಲೆ, ಉಳಿದದ್ದು ಕಾಗದದ ಲೆಕ್ಕ. ಡೆಮಿ 1/8 ಅನ್ನೋ ಪುಸ್ತಕದ ಅಳತೆಯಲ್ಲಿ ಹದಿನಾರು ಪುಟಕ್ಕೆ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಚುವ ಒಂದು ಹಾಳೆ. 240 ಅಂದರೆ ಹದಿನೈದು ಫಾರಂ. ಮೂರು ಪುಟ ಹೆಚ್ಚಾದರೂ ಇನ್ನೊಂದು ಫಾರಂ ಎಳೆಯುತ್ತದೆ, ಖರ್ಚು ಏರುತ್ತದೆ. ಇನ್ನು ಕಲೆಯ ಕಡೆ ನೋಡಿದರೆ, ಸೋಲದೇವನಹಳ್ಳಿಯ ಪಂಪ್ ಹೌಸಿನ ಬಗ್ಗೆ ಹದಿನಾಲ್ಕು ಪುಟ ಬರೆದಿದ್ದೆ. ಹಬೆಯಂತ್ರ, ಕಲ್ಲಿದ್ದಲು, ಅಲ್ಲಿಂದ ಮಲ್ಲೇಶ್ವರದ ಜ್ಯುವೆಲ್ ಫಿಲ್ಟರ್ಸ್ ಸೋಸುಘಟಕದ ತನಕ ಕೊಳವೆ. ಜಲಮಂಡಳಿಯಿಂದ ನಿವೃತ್ತರಾದ ಎಂಜಿನಿಯರೊಬ್ಬರು ಮೂರು ಭಾನುವಾರ ಕೂರಿಸಿಕೊಂಡು ಚಿತ್ರ ಬರೆದು ಹೇಳಿಕೊಟ್ಟಿದ್ದರು. ಹಸ್ತಪ್ರತಿ ಓದಿದ ಗೆಳೆಯ ಆ ಹದಿನಾಲ್ಕು ಪುಟದ ಮೇಲೆ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಎಳೆದು, "ಇದು ನೀನು ಓದಿಕೊಂಡಿದ್ದೀಯ ಅಂತ ತೋರಿಸೋಕೆ ಬರೆದದ್ದು" ಅಂದ. ಎರಡು ದಿನ ಅವನ ಫೋನು ಎತ್ತಲಿಲ್ಲ. ಆಮೇಲೆ ತೆಗೆದೆ. ನನ್ನ ನಾಯಕಿ ಜನ್ಮದಲ್ಲಿ ಸೋಲದೇವನಹಳ್ಳಿ ನೋಡಿದವಳಲ್ಲ, ಅವಳಿಗೆ ಗೊತ್ತಿದ್ದದ್ದು ನಲ್ಲಿಯ ಬಾಯಿ ಮಾತ್ರ.

ಪ್ರಕಾಶನದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಇದರಲ್ಲಿ ರಸ ಕಮ್ಮಿ. ಮೂರು ಕಡೆ ಕಳಿಸಿದೆ. ಒಬ್ಬರು ಉತ್ತರ ಕೊಡಲಿಲ್ಲ. ಇನ್ನೊಬ್ಬರು ಅಚ್ಚಿನ ಖರ್ಚು ಪೂರ್ತಿ ನೀವೇ ಕೊಡಿ, ಪುಸ್ತಕದ ಮೇಲೆ ನಮ್ಮ ಹೆಸರು ಇರುತ್ತದೆ ಅಂದರು. ಮೂರನೆಯವರು ಒಪ್ಪಿದರು. ಒಪ್ಪಂದಕ್ಕೆ ಸಹಿ ಹಾಕುವಾಗ ಖುಷಿಯಲ್ಲಿ ಓದದೆ ಹಾಕಬೇಡಿ. ಕೃತಿಸ್ವಾಮ್ಯ ಬರೆದ ಗಳಿಗೆಯಿಂದಲೇ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಲೇಖಕರು ಇರುವಷ್ಟು ಕಾಲ, ಆಮೇಲೆ 60 ವರ್ಷ ಅದು ಇರುತ್ತದೆ. ಹಕ್ಕು ಬಿಟ್ಟುಕೊಡುವ ಪತ್ರದಲ್ಲಿ ಅವಧಿ ಎಷ್ಟು ಅಂತ ಬರೆಯದೇ ಇದ್ದರೆ 1957ರ ಕಾಯ್ದೆಯ ಪ್ರಕಾರ ಐದು ವರ್ಷ ಅಂತಲೇ ಲೆಕ್ಕ. "ಎಲ್ಲ ಹಕ್ಕುಗಳೂ, ಶಾಶ್ವತವಾಗಿ" ಅಂತ ಬರೆದಿದ್ದರೆ ಅಲ್ಲಿ ಪೆನ್ನು ಕೆಳಗಿಡಿ. ಆಡಿಯೊ, ಸಿನಿಮಾ, ಅನುವಾದ ಒಂದೊಂದನ್ನೂ ಬೇರೆ ಬೇರೆಯಾಗಿ ಮಾತಾಡಿಕೊಳ್ಳಿ. ನೀವೇ ಅಚ್ಚು ಹಾಕಿಸುವುದಾದರೆ ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಡಿ, ಪುಸ್ತಕದ ಆ ಗುರುತಿನ ಸಂಖ್ಯೆಯನ್ನು ನಮ್ಮ ದೇಶದಲ್ಲಿ ಸರ್ಕಾರ ಪುಕ್ಕಟೆ ಕೊಡುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರದವರು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತಾರೆ, ಪತ್ರಿಕೆಯಲ್ಲಿ ಅರ್ಜಿ ಕರೆದಾಗ ಕಣ್ಣಿಟ್ಟಿರಿ.

ಕರಡು ತಿದ್ದುವಾಗ ಒಂದು ಎಚ್ಚರ. ನಾನು ಯೂನಿಕೋಡಿನಲ್ಲಿ ಬರೆದದ್ದನ್ನು ಡಿಟಿಪಿಯವರು ಪುಟ ವಿನ್ಯಾಸಕ್ಕೆ ನುಡಿ ಅನ್ನೋ ಫಾಂಟಿಗೆ ಪರಿವರ್ತಿಸಿದರು. ಅರ್ಕಾವತ್ತು ಇದ್ದ ಕಡೆ ಹಲವು ಸಲ ಒಂದೊಂದು ಖಾಲಿ ಚೌಕ ಬಂತು. 'ಸೂರ್ಯ' ಮುಳುಗುವ ಅಧ್ಯಾಯ ತುಂಬ ಚೌಕಗಳೇ ಮುಳುಗುತ್ತಿದ್ದವು. ಪರಿವರ್ತನೆ ಆದಮೇಲೆ ಮತ್ತೊಮ್ಮೆ ಮೊದಲ ಪುಟದಿಂದ ಓದಲೇಬೇಕು, ಬೇರೆ ದಾರಿ ಇಲ್ಲ.

ಬಿಡುಗಡೆ ಆಯಿತು. ಭಾನುವಾರ ಹತ್ತೂವರೆಗೆ, ಉಪ್ಪಿಟ್ಟು, ಕೇಸರಿಬಾತು, ಕಾಫಿ. ವೇದಿಕೆ ಮೇಲೆ ಐದು ಜನ. ಮೊದಲನೆಯವರು ಕನ್ನಡ ಕಾದಂಬರಿಯ ಉಗಮದಿಂದ ಶುರುಮಾಡಿದರು, ನನ್ನ ಪುಸ್ತಕದ ಹತ್ತಿರ ಬರುವ ಹೊತ್ತಿಗೆ ಸಭೆಯಲ್ಲಿ ಅರ್ಧ ಜನ ಕಾಫಿ ಹತ್ತಿರ ಇದ್ದರು. ಅವತ್ತು 61 ಪ್ರತಿ ಹೋಯಿತು. ಬಹುಪಾಲು ನೆಂಟರು, ಆಫೀಸಿನವರು. ಅಚ್ಚಾದದ್ದು 500. ಪುಸ್ತಕದಂಗಡಿಗಳು ಹತ್ತು ಹದಿನೈದು ಪ್ರತಿ ಇಟ್ಟುಕೊಂಡವು. ಪತ್ರಿಕೆಗಳಿಗೆ ವಿಮರ್ಶೆಗೆ ಅಂತ ಎರಡೆರಡು ಪ್ರತಿ ಹೋದವು. ಆಮೇಲೆ ಒಂದು ಮೌನ ಬಂತು. ಮೊದಲ ಪುಸ್ತಕ ಬರೆದವರಿಗೆಲ್ಲ ಅದರ ಪರಿಚಯ ಆಗುತ್ತದೆ, ಮೊದಲೇ ಹೇಳಿರುತ್ತೇನೆ. ಮಂಚದ ಕೆಳಗೆ ಬಂಡಲ್ಲುಗಳು, ಫೋನಿನಲ್ಲಿ "ಅಭಿನಂದನೆಗಳು" ಅನ್ನೋ ಮೆಸೇಜುಗಳು. ಓದಿದವರು ಯಾರೂ ಇಲ್ಲ.

ಫೇಸ್‌ಬುಕ್ಕಿನಲ್ಲಿ ಮುಖಪುಟ ಹಾಕಿ "ಈಗ ಮಾರುಕಟ್ಟೆಯಲ್ಲಿ" ಅಂದೆ. ಲೈಕು ಬಂತು, ಆರ್ಡರು ಬರಲಿಲ್ಲ. ಗ್ರಂಥಾಲಯಗಳ ಸಗಟು ಖರೀದಿ ಬರುತ್ತದೆ ಅಂತ ಕಾಯುವುದೂ ಸರಿಯಲ್ಲ. ಬಂದರೆ ಸಂತೋಷ, ಅದನ್ನು ನಂಬಿ ಸಾಲ ಮಾಡಬೇಡಿ.

ನಾಚಿಕೆಯ ಮಾತು ಒಂದಿದೆ. ನಮ್ಮ ಪುಸ್ತಕವನ್ನು ನಾವೇ ಮಾರುವುದು ಹೇಗೆ, ಏನಂದುಕೊಂಡಾರು? ನನಗೂ ಹಾಗೇ ಇತ್ತು. ಆದರೆ ಕನ್ನಡದಲ್ಲಿ ಇದು ಹೊಸದಲ್ಲ. ಗಳಗನಾಥರು ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ಮಾರಿದವರು. ಜಿ.ಪಿ. ರಾಜರತ್ನಂ ಈ ಬೆಂಗಳೂರಿನಲ್ಲೇ ತಮ್ಮದನ್ನೂ ಬೇರೆಯವರದ್ದನ್ನೂ ಕೈಯಾರೆ ಮಾರಿದರು. ಅವರಿಗಿಲ್ಲದ ನಾಚಿಕೆ ನನಗೆ ಯಾವ ಲೆಕ್ಕದ್ದು?

ಮೌನದ ಮೂರನೆಯ ತಿಂಗಳಲ್ಲಿ ನನ್ನ ಹಳೆಯ ನೋಟ್ ಪುಸ್ತಕ ತೆಗೆದೆ. ಬರೆಯುವಾಗ ಯಾರ್ಯಾರ ಹತ್ತಿರ ಏನೇನು ಕೇಳಿದ್ದೆ ಅಂತ ಹಿಂದಿನ ಪುಟದಲ್ಲಿ ಬರೆದಿಡುತ್ತಿದ್ದೆ. ಎಣಿಸಿದರೆ 43 ಹೆಸರು. ಗ್ರಂಥಾಲಯದ ಅಟೆಂಡರು, ತರಗುಪೇಟೆಯ ಬೀಜದಂಗಡಿಯವರು, ಎತ್ತು ಕಟ್ಟಿ ಬಾವಿ ನೀರೆತ್ತುವ ಕಪಿಲೆಯ ಹಾಡು ಹೇಳಿಕೊಟ್ಟ ದೇವನಹಳ್ಳಿ ಕಡೆಯ ರೈತರು, ಹಳೇ ನಾಣ್ಯ ತೋರಿಸಿದ ಅವೆನ್ಯೂ ರಸ್ತೆಯ ಸಾಬರು, ನನ್ನ ಅತ್ತೆ. ಅವರಲ್ಲಿ ನಾನು ಪುಸ್ತಕ ತಲುಪಿಸಿದ್ದು ಆರು ಜನಕ್ಕೆ! ಉಳಿದವರಿಗೆ ಪುಸ್ತಕ ಬಂದದ್ದೇ ಗೊತ್ತಿಲ್ಲ. ವೇದಿಕೆ ಮೇಲೆ ಕೂತವರಿಗೆ ಹಾರ, ಶಾಲು ಕೊಟ್ಟೆ. ಮಾತು ಕೊಟ್ಟವರನ್ನು ಕರೆದೇ ಇರಲಿಲ್ಲ.

ಒಂದೊಂದು ಶನಿವಾರ ಒಂದೊಂದು ಕಡೆ ಹೊರಟೆ. ಅವರಿಗೆ ಪುಸ್ತಕ ಮಾರಲಿಲ್ಲ, ಕೊಟ್ಟೆ. ಅವರು ಹೇಳಿದ ಮಾತು ಇರುವ ಪುಟದಲ್ಲಿ ಒಂದು ಚೀಟಿ ಇಟ್ಟು ಕೊಟ್ಟೆ. ಬೀಜದಂಗಡಿಯವರು ಆ ಪುಟವನ್ನು ಗಿರಾಕಿಗಳಿಗೆ ಓದಿ ಹೇಳಿದರಂತೆ, ಅಂಗಡಿಯಲ್ಲಿ ಹತ್ತು ಪ್ರತಿ ಇಟ್ಟುಕೊಂಡರು. ಕೊತ್ತಂಬರಿ ಬೀಜದ ಪಕ್ಕದಲ್ಲಿ ನನ್ನ ಕಾದಂಬರಿ ಇದ್ದದ್ದಕ್ಕಿಂತ ದೊಡ್ಡ ಮರ್ಯಾದೆ ನನಗೆ ಇನ್ನೂ ಸಿಕ್ಕಿಲ್ಲ. ಮೊಮ್ಮಗಳು ತನ್ನ ಕಾಲೇಜಿಗೆ ಮಾತಾಡಲು ಕರೆಸಿದಳು. ಅಲ್ಲಿ ಭಾಷಣ ಮಾಡುವ ಬದಲು, ನಿಮ್ಮ ಅಜ್ಜಿ ಐದು ನಿಮಿಷಕ್ಕೆ ಏನಂತಾರೆ ಅಂತ ಕೇಳಿದೆ. ಮಕ್ಕಳು ಮನೆಗೆ ಹೋಗಿ ಕೇಳಿ ಬಂದರು. ಅದರ ಒಂದು ನಿಮಿಷದ ವಿಡಿಯೊ ಯಾರೋ ಹಾಕಿದರು, ಮುಖಪುಟದ ಚಿತ್ರ ಮಾಡದ ಕೆಲಸವನ್ನು ಅದು ಮಾಡಿತು. ಹಾಸನದಿಂದ, ಸಿಂಧನೂರಿನಿಂದ ತಮ್ಮ ಮನೆಯ ಮಾತು ಬರೆದು ಕಳಿಸಿದರು, ಜೊತೆಗೆ ಪುಸ್ತಕ ಎಲ್ಲಿ ಸಿಗುತ್ತೆ ಅಂತ ಕೇಳಿದರು.

ಎಂಜಿನಿಯರ್ ಸಾಹೇಬರು ಮಾತ್ರ ಬೇಜಾರು ಮಾಡಿಕೊಂಡರು. ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ, "ನನ್ನ ಪಂಪ್ ಹೌಸ್ ಎಲ್ಲಿ?" ಅಂದರು. ತೆಗೆಯಬೇಕಾಯಿತು ಅಂದೆ. "ಮೂರು ಭಾನುವಾರ!" ಅಂದರು. ಆಮೇಲೆ ಒಳಗೆ ಹೋಗಿ ಬಂದು ಇಪ್ಪತ್ತು ಪ್ರತಿಗೆ ದುಡ್ಡು ಕೊಟ್ಟರು, ನಿವೃತ್ತರ ಸಂಘದವರಿಗೆ. ಜೊತೆಗೆ, ಕತ್ತರಿಸಿದ ಆ ಹದಿನಾಲ್ಕು ಪುಟವನ್ನು ಝೆರಾಕ್ಸ್ ಮಾಡಿ ಪ್ರತಿಯೊಂದರ ಒಳಗೂ ಇಟ್ಟು ಕೊಡಬೇಕು ಅಂತ ಷರತ್ತು. ಕೊಟ್ಟೆ. ಅದನ್ನು ಓದಿದ ಒಬ್ಬರು ಕಾದಂಬರಿಗಿಂತ ಝೆರಾಕ್ಸೇ ಚೆನ್ನಾಗಿದೆ ಅಂದರಂತೆ.

500 ಪ್ರತಿ ಮುಗಿಯೋಕೆ ಹನ್ನೊಂದು ತಿಂಗಳು ಹಿಡಿಯಿತು. ಇದು ದೊಡ್ಡ ಸಂಖ್ಯೆ ಏನಲ್ಲ. ಅದರಲ್ಲಿ ಸುಮಾರು ಅರ್ಧ ಆ 43 ಬಾಗಿಲುಗಳ ಮೂಲಕ ಹೋದದ್ದು. ಆದ್ದರಿಂದ ಈಗ ಬರೆಯುತ್ತಿರುವವರು ಹಿಂದಿನ ಪುಟದಲ್ಲಿ ಹೆಸರು ಬರೆದಿಡಿ. ವಿಳಾಸವನ್ನೂ ಬರೆದಿಡಿ, ನಾನು ಬರೆದಿಡದೆ ಎರಡು ಶನಿವಾರ ದೇವನಹಳ್ಳಿ ಸುತ್ತಿದೆ.

ಅಜ್ಜಿಗೆ ಓದೋಕೆ ಬರುವುದಿಲ್ಲ. ಮೊಮ್ಮಗಳು ದಿನಾ ರಾತ್ರಿ ಒಂದಿಷ್ಟು ಓದಿ ಹೇಳುತ್ತಿದ್ದಳಂತೆ. ಮುಗಿದ ಮೇಲೆ ನನ್ನನ್ನು ಕರೆಸಿದರು. ಸೊಪ್ಪು ಈಗ ಸರಿಯಾದ ಹೊತ್ತಿಗೆ ಕೀಳ್ತಾಳೆ, ಹೆಂಗಸು ಪರವಾಗಿಲ್ಲ ಅಂದರು. ನಾನು ಹಿಗ್ಗಿದೆ.

"ಆದರೆ ದಾರ ಅಂತ ಬರೆದಿದ್ದೀಯಲ್ಲ."

"ಯಾವ ದಾರ ಅಮ್ಮ?"

"ಸೊಪ್ಪಿನ ಕಟ್ಟಿಗೆ. ದಾರದಲ್ಲಿ ಕಟ್ಟಿದಳು ಅಂತ ಇವಳು ಓದಿದಳು. ದಾರಕ್ಕೆ ಕಾಸು ಯಾರಪ್ಪ ಕೊಡ್ತಿದ್ದ? ಬಾಳೆನಾರು. ಹಿತ್ತಲಲ್ಲಿ ಬಾಳೆ ಗಿಡ ಇತ್ತು ಅಂತ ನೀನೇ ಬರೆದಿದ್ದೀಯ, ಮರೆತುಬಿಟ್ಟಾ?"

ಎರಡನೆಯ ಮುದ್ರಣ ಹೋದ ತಿಂಗಳು ಬಂತು. ಮೊದಲ ಮುದ್ರಣ ಇಟ್ಟುಕೊಂಡಿರುವವರು ದಯವಿಟ್ಟು 87ನೆಯ ಪುಟದ ಕೆಳಗಿನ ಸಾಲು ತಿದ್ದಿಕೊಳ್ಳಿ.